ಬೆಂಗಳೂರಿನಲ್ಲಿ ಒಂದು ಸಂಜೆ ಸಿಕ್ಕರೆ: ಎಲ್ಲಿ ತಿನ್ನೋದು, ಎಲ್ಲಿ ಸುತ್ತೋದು, ಹೇಗೆ ವಾಪಸ್ ಬರೋದು

ಮದುವೆ, ಇಂಟರ್‌ವ್ಯೂ, ಕೋರ್ಟು, ಆಸ್ಪತ್ರೆ ಅಂತ ಬೆಂಗಳೂರಿಗೆ ಬಂದವರಿಗೆ ಹಗಲು ಹೇಗೋ ಕಳೆದುಹೋಗುತ್ತದೆ. ಸಂಜೆ ಐದಾದ ಮೇಲೆ ಏನು ಮಾಡೋದು ಅಂತ ಗೊತ್ತಾಗಲ್ಲ. ಹೆಚ್ಚಿನವರು ಲಾಡ್ಜ್ ಪಕ್ಕದ ಹೋಟೆಲಿನಲ್ಲಿ ಏನೋ ಒಂದು ತಿಂದು ಮಲಗಿಬಿಡುತ್ತಾರೆ, ಇಲ್ಲವಾದರೆ ಯಾರೋ ಹೇಳಿದರು ಅಂತ ಒಂದು ಮಾಲ್‌ಗೆ ಹೋಗಿ, ಎಲ್ಲ ಊರಲ್ಲೂ ಸಿಗುವ ಪಿಜ್ಜಾ ತಿಂದು ಬರುತ್ತಾರೆ. ಈ ಊರಿನ ಸಂಜೆ ಅಷ್ಟಕ್ಕೇ ಮುಗಿಯಬಾರದು ಅನ್ನೋದು ನನ್ನ ಆಸೆ. ಇಲ್ಲಿ ದೋಸೆಗೆ, ನಾಟಕಕ್ಕೆ, ಪುಸ್ತಕಕ್ಕೆ, ಬಿಯರಿಗೆ, ಬಿರಿಯಾನಿಗೆ ಬೇರೆ ಬೇರೆ ಬೀದಿಗಳಿವೆ, ಬೇರೆ ಬೇರೆ ಹೊತ್ತುಗಳಿವೆ. ಆ ಹೊತ್ತು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಎಲ್ಲಕ್ಕೂ ಮೊದಲು ಎರಡು ಮಾತು. ಒಂದು ಸಂಜೆಗೆ ಒಂದೇ ಬಡಾವಣೆ ಇಟ್ಟುಕೊಳ್ಳಿ. ಬಸವನಗುಡಿಯಲ್ಲಿ ದೋಸೆ ತಿಂದು, ಇಂದಿರಾನಗರದಲ್ಲಿ ಬಿಯರ್ ಕುಡಿದು, ಮಲ್ಲೇಶ್ವರದಲ್ಲಿ ಐಸ್‌ಕ್ರೀಮ್ ತಿನ್ನುತ್ತೇನೆ ಅಂತ ಹೊರಟರೆ ನಿಮ್ಮ ಸಂಜೆಯೆಲ್ಲ ಟ್ರಾಫಿಕ್‌ನಲ್ಲೇ ಮುಗಿಯುತ್ತದೆ. ಎರಡನೆಯದು, ಯಾವುದು ಬೇಗ ಬಾಗಿಲು ಹಾಕುತ್ತದೋ ಅಲ್ಲಿಗೆ ಮೊದಲು ಹೋಗಿ. ಬೆಂಗಳೂರಿನ ಹಳೇ ಹೋಟೆಲುಗಳು ಏಳು, ಎಂಟಕ್ಕೆಲ್ಲ ಮುಚ್ಚುತ್ತವೆ. ತಿಂಡಿ ಬೀದಿ ಆ ಹೊತ್ತಿಗೆ ಕಾವೇರುತ್ತದೆ. ಪಬ್‌ಗಳು ಒಂಬತ್ತರ ಮೇಲೆ ತುಂಬುತ್ತವೆ. ಎಂಟೂವರೆಗೆ ಹಸಿವಾಯಿತು ಅಂತ ಹೊರಟವರಿಗೆ ಒಳ್ಳೆಯ ದೋಸೆ ಸಿಗೋದು ಕಷ್ಟ.

ಹೊರಡುವ ಮುಂಚೆ: ವಾರ ನೋಡಿ, ಮೆಟ್ರೋ ನೋಡಿ

ಇವತ್ತು ಯಾವ ವಾರ? ಇದು ಬಹಳ ಮುಖ್ಯ. ಗಾಂಧಿ ಬಜಾರಿನ ದೋಸೆ ಹೋಟೆಲು ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಹೋಟೆಲಿಗೆ ಸೋಮವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ ರಜೆ. ಜೆ.ಪಿ. ನಗರದ ರಂಗಶಂಕರದಲ್ಲಿ ಸೋಮವಾರ ನಾಟಕ ಇರಲ್ಲ. ಹೋಗಿ ಬಾಗಿಲು ನೋಡಿ ವಾಪಸ್ ಬರೋದಕ್ಕಿಂತ ಹೊರಡುವ ಮುಂಚೆ ಒಂದು ಸಲ ಮೊಬೈಲಿನಲ್ಲಿ ಸಮಯ ನೋಡಿಕೊಳ್ಳಿ. ಹಬ್ಬದ ದಿನ ಸಮಯ ಬದಲಾಗೋದೂ ಉಂಟು.

ಆಮೇಲೆ ಮೆಟ್ರೋ. ಸಂಜೆ ಐದರಿಂದ ಒಂಬತ್ತರವರೆಗೆ ರಸ್ತೆ ನಂಬಬೇಡಿ, ಹಳಿ ನಂಬಿ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ವ-ಪಶ್ಚಿಮವಾಗಿ ಹೋಗುತ್ತದೆ. ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ ಉತ್ತರ-ದಕ್ಷಿಣವಾಗಿ. ಎರಡೂ ಸೇರೋದು ಮೆಜೆಸ್ಟಿಕ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಶುರುವಾಯಿತು. ನೀವು ಉಳಿದುಕೊಂಡಿರುವ ಜಾಗದ ಹತ್ತಿರ ಯಾವ ಮಾರ್ಗ ಇದೆಯೋ ಅದರ ಮೇಲಿರುವ ಬಡಾವಣೆಯನ್ನೇ ಆರಿಸಿಕೊಂಡರೆ ಎಷ್ಟೋ ಸುಲಭ. ಟಿಕೆಟ್ ಕ್ಯೂ ಬೇಡ ಅಂದರೆ ಫೋನಿನಲ್ಲೇ ಕ್ಯುಆರ್ ಟಿಕೆಟ್ ತೆಗೆದುಕೊಳ್ಳಬಹುದು.

ಒಂದು ಸ್ವೆಟರ್ ಅಥವಾ ಶಾಲು ಜೊತೆಗಿರಲಿ. ಹಗಲು ಎಷ್ಟೇ ಬಿಸಿಲಿದ್ದರೂ ರಾತ್ರಿ ಗಾಳಿ ತಣ್ಣಗಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಛತ್ರಿಯೂ ಬೇಕು, ಏಕೆಂದರೆ ಇಲ್ಲಿ ಮಳೆ ಬರೋದು ಹೆಚ್ಚಾಗಿ ಸಂಜೆಯೇ.

ಒಂದೇ ಸಂಜೆ ಇದ್ದರೆ ಬಸವನಗುಡಿ

ಯಾರು ಕೇಳಿದರೂ ನಾನು ಹೇಳೋದು ಇದನ್ನೇ. ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯಿರಿ. ಸಂಜೆ ಐದರ ಒಳಗೆ ಇಳಿದರೆ ತುಂಬಾ ಒಳ್ಳೆಯದು. ಇನ್ನು ಮೇಲೆ ಎಲ್ಲವೂ ನಡೆಯುವಷ್ಟು ದೂರ.

ಮೊದಲು ಬ್ರಾಹ್ಮಿನ್ಸ್ ಕಾಫಿ ಬಾರ್. ಶಂಕರ ಮಠದ ಹತ್ತಿರ, 1965ರಿಂದ ಇದೆ. ಕೂರೋಕೆ ಜಾಗ ಇಲ್ಲ. ಮೆನು ಅಂದರೆ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಅಷ್ಟೇ. ಸಾಂಬಾರ್ ಇಲ್ಲ, ಕೇಳಲೂ ಬೇಡಿ. ಚಟ್ನಿ ಮಾತ್ರ ಎಷ್ಟು ಸಲ ಬೇಕಾದರೂ ಹಾಕುತ್ತಾರೆ, ಆ ಚಟ್ನಿ ತಿಂದ ಮೇಲೆ ಸಾಂಬಾರಿನ ನೆನಪು ಬರೋದೂ ಇಲ್ಲ. ತಟ್ಟೆ ಹಿಡಿದುಕೊಂಡು ರಸ್ತೆ ಬದಿಯಲ್ಲಿ ನಿಂತು ತಿನ್ನಬೇಕು. ಪಕ್ಕದಲ್ಲಿ ಕಾರಿನಿಂದ ಇಳಿದವರು, ಸ್ಕೂಟರಿನವರು, ಸಂಗೀತ ಪಾಠ ಮುಗಿಸಿ ಬಂದ ಮಕ್ಕಳು, ಎಲ್ಲರೂ ಹಾಗೇ ನಿಂತಿರುತ್ತಾರೆ. ಇಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಒಂದು ಪ್ಲೇಟ್ ಇಡ್ಲಿ-ವಡೆ, ಬೈ-ಟು ಕಾಫಿ, ಸಾಕು. ಏಳು ಗಂಟೆ ಹೊತ್ತಿಗೆ ಮುಚ್ಚುತ್ತಾರೆ, ಆರರ ಒಳಗೆ ಹೋಗಿಬಿಡಿ.

ಅಲ್ಲಿಂದ ಗಾಂಧಿ ಬಜಾರಿಗೆ ನಡೆಯಿರಿ. ಹೂವು, ಹಣ್ಣು, ಅರಿಶಿನ-ಕುಂಕುಮ, ಸೀಸನ್ ಇದ್ದರೆ ಅವರೆಕಾಯಿಯ ಗುಡ್ಡೆ. ಏನೂ ಕೊಳ್ಳದಿದ್ದರೂ ಪರವಾಗಿಲ್ಲ, ಸುಮ್ನೆ ನಡೆದರೂ ಮನಸ್ಸಿಗೆ ಹಿತ. ಡಿ.ವಿ.ಜಿ. ರಸ್ತೆಯ ಅಂಗಡಿಗಳನ್ನೂ ಒಂದು ಸುತ್ತು ನೋಡಬಹುದು.

ಈಗ ವಿದ್ಯಾರ್ಥಿ ಭವನ. 1943ರಲ್ಲಿ ಶುರುವಾದ ಹೋಟೆಲು, ಹೆಸರೇ ಹೇಳುವ ಹಾಗೆ ಮೊದಲು ಸುತ್ತಮುತ್ತಲಿನ ವಿದ್ಯಾರ್ಥಿಗಳಿಗೆ ತಿಂಡಿ ಕೊಡುತ್ತಿದ್ದ ಜಾಗ. ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ಕಾಯೋದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ವಾರದ ದಿನ ಆರೂವರೆಗೆ ಹೋದರೆ ಶನಿವಾರ-ಭಾನುವಾರದಷ್ಟು ಜನ ಇರಲ್ಲ. ಒಳಗೆ ಗೋಡೆಗಳ ಮೇಲೆ ಕನ್ನಡದ ಲೇಖಕರ ರೇಖಾಚಿತ್ರಗಳಿವೆ, ಕೂತಾಗ ಒಂದೊಂದಾಗಿ ಗುರುತು ಹಿಡಿಯಿರಿ, ಮಕ್ಕಳು ಜೊತೆಗಿದ್ದರೆ ಅವರಿಗೂ ತೋರಿಸಿ. ಬಡಿಸುವವರು ಒಂದೇ ಕೈಯಲ್ಲಿ ಮೊಣಕೈವರೆಗೆ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಬರೋದನ್ನು ನೋಡಲೇಬೇಕು. ಮಸಾಲೆ ದೋಸೆ ಸ್ವಲ್ಪ ದಪ್ಪ, ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ತುಪ್ಪ ಕಾಣುವ ಹಾಗೆ ಇರುತ್ತದೆ. ದೋಸೆ ಮುಗಿಸಿ ಕಾಫಿ ಕುಡಿದು ಬೇಗ ಎದ್ದುಬಿಡಿ, ಹೊರಗೆ ನಿಮ್ಮ ಹಾಗೇ ಕಾಯುತ್ತಿರುವವರಿದ್ದಾರೆ. ಎಂಟರ ಹೊತ್ತಿಗೆ ಇದೂ ಮುಗಿಯುತ್ತದೆ.

ಶುಕ್ರವಾರ ಬಂದಿದ್ದರೆ? ಎಂ.ಟಿ.ಆರ್.ಗೆ ಹೋಗಿ. 1924ರಿಂದ ಇರುವ ಹೋಟೆಲು, ಲಾಲ್‌ಬಾಗಿನ ಮುಖ್ಯ ದ್ವಾರದ ಕಡೆ. ಅಲ್ಲಿ ರವೆ ಇಡ್ಲಿಯನ್ನೇ ತಿನ್ನಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಕ್ಕಿ ಸಿಗದೇ ಹೋದಾಗ ರವೆಯಲ್ಲಿ ಇಡ್ಲಿ ಮಾಡಲು ಹೊರಟು ಹುಟ್ಟಿದ ತಿಂಡಿ ಅದು, ಈಗ ಇಡೀ ರಾಜ್ಯದ ಹೋಟೆಲುಗಳಲ್ಲಿದೆ. ಲಾಲ್‌ಬಾಗ್ ಕೂಡ ನೋಡೋಣ ಅಂದುಕೊಂಡಿದ್ದರೆ ತೋಟಕ್ಕೆ ಮೊದಲು ಹೋಗಿ, ಸಂಜೆ ಏಳಕ್ಕೆ ಗೇಟು ಹಾಕುತ್ತಾರೆ.

ಎಂಟರ ಮೇಲೆ ತಿಂಡಿ ಬೀದಿ

ಗಾಂಧಿ ಬಜಾರಿನಿಂದ ವಾಪಸ್ ಮೆಟ್ರೋ ಕಡೆ ನಡೆದು, ಹಾಗೇ ಮುಂದೆ ಸಜ್ಜನ್ ರಾವ್ ವೃತ್ತದ ಹತ್ತಿರ ಬಂದರೆ ವಿ.ವಿ. ಪುರಂ ತಿಂಡಿ ಬೀದಿ. ಎಲ್ಲರೂ ಫುಡ್ ಸ್ಟ್ರೀಟ್ ಅಂತಲೇ ಕರೆಯೋದು. ಹಗಲು ನೋಡಿದರೆ ಮಾಮೂಲಿ ರಸ್ತೆ. ಸಂಜೆ ಆದ ಮೇಲೆ ಎರಡೂ ಕಡೆ ಹೆಂಚು ಕಾಯುತ್ತದೆ, ಜನ ರಸ್ತೆ ತುಂಬಾ ತುಂಬಿಕೊಳ್ಳುತ್ತಾರೆ.

ಇಲ್ಲಿ ತಿನ್ನೋದಕ್ಕೂ ಒಂದು ಕ್ರಮ ಇದೆ. ಮೊದಲು ಏನೂ ಕೊಳ್ಳದೆ ಬೀದಿಯ ಈ ತುದಿಯಿಂದ ಆ ತುದಿಗೆ ಒಂದು ಸಲ ನಡೆದು ಬನ್ನಿ. ಎಲ್ಲಿ ಜನ ಜಾಸ್ತಿ ಇದ್ದಾರೆ, ಎಲ್ಲಿ ಬಿಸಿಬಿಸಿ ಇಳಿಸುತ್ತಿದ್ದಾರೆ, ಎಲ್ಲಿ ಎಣ್ಣೆ ಕಪ್ಪಾಗಿದೆ, ಎಲ್ಲಾ ಕಣ್ಣಿಗೆ ಬೀಳುತ್ತದೆ. ಆಮೇಲೆ ಶುರು ಮಾಡಿ. ನಾಲ್ಕು ಜನ ಇದ್ದರೆ ಪ್ರತಿ ಅಂಗಡಿಯಲ್ಲಿ ಒಂದೇ ಪ್ಲೇಟ್ ತಗೊಂಡು ಹಂಚಿಕೊಳ್ಳಿ, ಇಲ್ಲದಿದ್ದರೆ ಮೂರನೇ ಅಂಗಡಿಗೇ ಕೈ ಎತ್ತಬೇಕಾಗುತ್ತದೆ. ಪಡ್ಡು, ಅಕ್ಕಿ ರೊಟ್ಟಿ, ಬಜ್ಜಿ, ಮಸಾಲೆ ಪೂರಿ, ನಿಪ್ಪಟ್ಟು ಮಸಾಲ, ಹೋಳಿಗೆ, ಜಿಲೇಬಿ. ಉತ್ತರ ಕರ್ನಾಟಕದವರಿಗೆ ಒಂದು ಮಾತು: ಇಲ್ಲಿನ ಮಸಾಲೆ ಪೂರಿ ಬಟಾಣಿ ಸಾರಿನಲ್ಲಿ ಮುಳುಗಿರುತ್ತದೆ, ಬಿಸಿ ಇರುವಾಗಲೇ ತಿನ್ನಬೇಕು. ನಿಮ್ಮ ಗಿರಮಿಟ್ಟಿಗೆ ಹೋಲಿಸದೆ ತಿಂದರೆ ಖಂಡಿತ ಇಷ್ಟವಾಗುತ್ತದೆ.

ಮೂಲೆಯಲ್ಲಿ ವಿ.ಬಿ. ಬೇಕರಿ ಇದೆ. 1953ರಿಂದ ಇರುವ ಅಯ್ಯಂಗಾರ್ ಬೇಕರಿ. ಖಾರಾ ಬನ್ನು, ಮತ್ತೆ ಕಾಂಗ್ರೆಸ್ ಕಡಲೆಕಾಯಿ, ಅಂದರೆ ಇಬ್ಭಾಗ ಮಾಡಿ ಖಾರ ಹಚ್ಚಿದ ಕಡಲೆಬೀಜ. ಬೆಣ್ಣೆ ಸವರಿದ ಬನ್ನಿನಲ್ಲಿ ಅದನ್ನೇ ತುಂಬಿ ಕೊಟ್ಟರೆ ಕಾಂಗ್ರೆಸ್ ಬನ್. ಊರಿಗೆ ಏನಾದರೂ ಕಟ್ಟಿಸಿಕೊಂಡು ಹೋಗಬೇಕು ಅಂದರೆ ಇಲ್ಲಿಂದಲೇ ಕಾಂಗ್ರೆಸ್ ಕಡಲೆಕಾಯಿ ಒಯ್ಯಿರಿ, ದಾರಿಯಲ್ಲಿ ಕೆಡಲ್ಲ.

ಕೊನೆಗೆ ಗುಲ್ಕನ್. ಬೀದಿಯ ಗುಲ್ಕನ್ ಅಂಗಡಿಯಲ್ಲಿ ಗುಲಾಬಿ ದಳದ ಗುಲ್ಕನ್ನಿಗೆ ಬೆಣ್ಣೆ, ಹಣ್ಣು, ಐಸ್‌ಕ್ರೀಮ್ ಸೇರಿಸಿ ಕೊಡುತ್ತಾರೆ. ಬೆಣ್ಣೆಯ ಹೆಸರು ಕೇಳಿ ಹಿಂಜರಿಯಬೇಡಿ, ಒಂದು ಚಮಚ ಬಾಯಿಗಿಟ್ಟರೆ ಉಳಿದದ್ದು ತಾನೇ ಖಾಲಿಯಾಗುತ್ತದೆ.

ಈ ಬೀದಿಯಲ್ಲಿ ಕಾರು ತರಬೇಡಿ, ನಿಲ್ಲಿಸಲು ಜಾಗ ಇಲ್ಲ. ಕಾಗದದ ತಟ್ಟೆಗಳನ್ನು ಡಬ್ಬಕ್ಕೇ ಹಾಕಿ. ಇದು ಜನ ವಾಸ ಮಾಡುವ ಬಡಾವಣೆ. ಮೇಲಿನ ಮನೆಗಳಲ್ಲಿ ವಯಸ್ಸಾದವರು, ಓದುವ ಮಕ್ಕಳು ಇರುತ್ತಾರೆ, ಹತ್ತರ ಮೇಲೆ ಗದ್ದಲ ಮಾಡಬೇಡಿ. ಇಂಥ ಬೀದಿ ಉಳಿಯಬೇಕಾದರೆ ಅಲ್ಲಿ ವಾಸ ಇರುವವರಿಗೆ ಅದು ಕಾಟ ಆಗಬಾರದು, ಅಲ್ವಾ?

ಮಲ್ಲೇಶ್ವರದ ಕಡೆ ಇದ್ದರೆ

ಯಶವಂತಪುರ, ರಾಜಾಜಿನಗರದ ಕಡೆ ಉಳಿದವರಿಗೆ ಬಸವನಗುಡಿ ದೂರವಾದರೆ ಮಲ್ಲೇಶ್ವರ ಸಾಕು. ಹಸಿರು ಮಾರ್ಗದಲ್ಲಿ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ನಡೆಯಿರಿ. 7ನೇ ಅಡ್ಡರಸ್ತೆ, ಮಾರ್ಗೋಸಾ ರಸ್ತೆಯ ಮೂಲೆಯಲ್ಲಿ ಸಿ.ಟಿ.ಆರ್. ಹೋಟೆಲು ಇದೆ. ಬೋರ್ಡಿನಲ್ಲಿ ಶ್ರೀ ಸಾಗರ್ ಅಂತಿರುತ್ತದೆ, ಗೊಂದಲ ಬೇಡ, ಎರಡೂ ಒಂದೇ. ಬೆಣ್ಣೆ ಮಸಾಲೆ ದೋಸೆ ಹೇಳಿ. ವಿದ್ಯಾರ್ಥಿ ಭವನದ್ದಾ, ಸಿ.ಟಿ.ಆರ್.ದ್ದಾ ಅಂತ ಬೆಂಗಳೂರಿನವರು ಇವತ್ತಿಗೂ ಜಗಳ ಆಡುತ್ತಾರೆ. ನನಗೆ ಕೇಳಿದರೆ ದೋಸೆ ಗರಿ ಆಗಿರಬೇಕು ಅನ್ನುವವರಿಗೆ ಸಿ.ಟಿ.ಆರ್., ತಿಂದ ಮೇಲೆ ಒಂದು ನಡಿಗೆ, ಒಂದು ಬಜಾರು ಬೇಕು ಅನ್ನುವವರಿಗೆ ವಿದ್ಯಾರ್ಥಿ ಭವನ. ತಿಂದು 8ನೇ ಅಡ್ಡರಸ್ತೆಯಲ್ಲಿ ಬಳೆ, ಹೂವು, ಸೀರೆ ನೋಡುತ್ತಾ ನಡೆಯಿರಿ. ದೋಸೆ ಬೇಡ ಅಂದರೆ 15ನೇ ಅಡ್ಡರಸ್ತೆಯ ಕಡೆ ವೀಣಾ ಸ್ಟೋರ್ಸ್ ಇಡ್ಲಿ ಇದೆ, ಫುಟ್‌ಪಾತಿನ ಮೇಲೆ ನಿಂತೇ ತಿನ್ನೋದು. ಸಂಗೀತ ಕಛೇರಿ ಏನಾದರೂ ಇದ್ದರೆ ಹತ್ತಿರದಲ್ಲೇ ಪಿಟೀಲಿನ ಆಕಾರದಲ್ಲಿ ಕಟ್ಟಿರುವ ಚೌಡಯ್ಯ ಸ್ಮಾರಕ ಭವನ. ಕಾರ್ಯಕ್ರಮ ಇಲ್ಲದಿದ್ದರೂ ಹೊರಗಿನಿಂದ ನೋಡಿ ಬರಬಹುದು.

ನಾಟಕಕ್ಕೆ ಹೋಗಬೇಕಾದರೆ ಊಟ ಹಿಂದೆ-ಮುಂದೆ ಮಾಡಿ

ರಾತ್ರಿ ಹೊತ್ತು ಕಳೆಯೋದು ಅಂದರೆ ಬರೀ ಕುಡಿತ, ಡಾನ್ಸ್ ಅಂದುಕೊಂಡವರಿಗೆ ನಾನು ರಂಗಶಂಕರ ತೋರಿಸುತ್ತೇನೆ. ಶಂಕರ್ ನಾಗ್ ಅವರ ಕನಸಿನಂತೆ ಅರುಂಧತಿ ನಾಗ್ ಕಟ್ಟಿ ನಿಲ್ಲಿಸಿದ ರಂಗಮಂದಿರ, 2004ರಲ್ಲಿ ಶುರುವಾಯಿತು. ಸೋಮವಾರ ಬಿಟ್ಟು ವಾರವೆಲ್ಲಾ ನಾಟಕ. ಕನ್ನಡದ್ದೇ ಬೇಕು ಅಂದರೆ ಮುಂಚೆಯೇ ಆನ್‌ಲೈನಿನಲ್ಲಿ ಪಟ್ಟಿ ನೋಡಿ, ಏಕೆಂದರೆ ಇಂಗ್ಲಿಷ್, ಹಿಂದಿ ನಾಟಕಗಳೂ ಇರುತ್ತವೆ.

ನಾಟಕ ರಾತ್ರಿ 7:30ಕ್ಕೆ ಅಂದರೆ 7:30ಕ್ಕೇ ಶುರು. ಒಂದು ನಿಮಿಷ ತಡವಾದರೂ ಒಳಗೆ ಬಿಡಲ್ಲ, ಯಾರೇ ಆಗಿರಲಿ. ಟ್ರಾಫಿಕ್ ಇತ್ತು ಅಂತ ಹೇಳಿ ಪ್ರಯೋಜನ ಇಲ್ಲ, ಬೇಜಾರಾಗಲೂ ಬಾರದು, ವೇದಿಕೆ ಮೇಲಿರುವವರಿಗೆ ಕೊಡುವ ಗೌರವ ಅದು. ಆದ್ದರಿಂದ ಆರೂವರೆಗೇ ಅಲ್ಲಿರಿ. ಅಲ್ಲೇ ಕೆಫೆ ಇದೆ, ಅಕ್ಕಿ ರೊಟ್ಟಿ, ಸಾಬುದಾನ ವಡೆ ತಿಂದು, ಕಾಫಿ ಕುಡಿದು ನಿಧಾನವಾಗಿ ಒಳಗೆ ಹೋಗಬಹುದು. ಹಳದಿ ಮಾರ್ಗದ ರಾಗಿಗುಡ್ಡ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದರೆ ಸ್ವಲ್ಪ ದೂರ ಅಷ್ಟೇ.

ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಇನ್ನೊಂದು ಜಾಗ. ಟೌನ್ ಹಾಲ್ ಹಿಂದೆ, 1963ರಿಂದ ಇದೆ. ಮಳೆಗಾಲದಲ್ಲಿ ಬಂದರೆ ಇಲ್ಲಿ ಒಂದು ಅಪರೂಪದ ಅವಕಾಶ ಉಂಟು. ಕರಾವಳಿಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಮೇಲೆ ಕಲಾವಿದರು ಬೆಂಗಳೂರಿಗೆ ಬಂದು ಇಡೀ ರಾತ್ರಿ ಆಟ ಆಡುತ್ತಾರೆ. ಚೆಂಡೆ ಸದ್ದಿನಲ್ಲಿ ಬೆಳಗು ಮಾಡೋದನ್ನು ಬೆಂಗಳೂರಿನಲ್ಲೇ ನೋಡಬಹುದು.

ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್, ಪಬ್ಬು

ಈಗ ಬೆಂಗಳೂರಿನ ಇನ್ನೊಂದು ಸಂಜೆ. ಭಾನುವಾರ ಅಥವಾ ಸರ್ಕಾರಿ ರಜೆಯ ದಿನ ಆದರೆ ಮೊದಲು ವಿಧಾನಸೌಧ ನಿಲ್ದಾಣದಲ್ಲಿ ಇಳಿದು ದೀಪ ಹಾಕಿದ ವಿಧಾನಸೌಧ ನೋಡಿ, ಆಮೇಲೆ ಅದೇ ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆಗೆ ಬನ್ನಿ.

ಎಂ.ಜಿ. ರಸ್ತೆಗೆ ಸಮಾನಾಂತರವಾಗಿ ಇರೋದೇ ಚರ್ಚ್ ಸ್ಟ್ರೀಟ್. ಬ್ರಿಗೇಡ್ ರಸ್ತೆ ತುದಿಯಿಂದ ಸೇಂಟ್ ಮಾರ್ಕ್ಸ್ ರಸ್ತೆ ತುದಿವರೆಗೆ, ಒಂದು ಕಿಲೋಮೀಟರ್ ಕೂಡ ಇಲ್ಲ. ಕಲ್ಲು ಹಾಸಿದ ರಸ್ತೆ, ಹಾಡುವ ಹುಡುಗರು, ಫೋಟೊ ತೆಗೆಸಿಕೊಳ್ಳುವ ಜನ. ನನ್ನ ಮಟ್ಟಿಗೆ ಇಲ್ಲಿನ ಮೊದಲ ಕೆಲಸ ಪುಸ್ತಕದಂಗಡಿ. ಬ್ಲಾಸಮ್, ಬುಕ್‌ವರ್ಮ್, ಬುಕ್‌ಹೈವ್ ಎಲ್ಲಾ ಇಲ್ಲೇ. ಹಳೇ ಪುಸ್ತಕಗಳೂ ಕಡಿಮೆ ಬೆಲೆಗೆ ಸಿಗುತ್ತವೆ, ಕನ್ನಡ ಪುಸ್ತಕಗಳನ್ನೂ ಕೇಳಿ. ನಾವು ಕೇಳಿದರೆ ಕಪಾಟು ದೊಡ್ಡದಾಗುತ್ತದೆ. ಅಂಗಡಿಗಳು ಒಂಬತ್ತರ ಸುಮಾರಿಗೆ ಮುಚ್ಚುತ್ತವೆ, ಅದಕ್ಕೇ ಊಟಕ್ಕೆ ಮುಂಚೆ ಇಲ್ಲಿಗೆ ಬನ್ನಿ.

ಊಟಕ್ಕೆ ರೆಸಿಡೆನ್ಸಿ ರಸ್ತೆಯ ನಾಗಾರ್ಜುನದಲ್ಲಿ ಬಾಳೆಲೆ ಮೇಲೆ ಆಂಧ್ರ ಊಟ. ಪಪ್ಪು, ಗೊಂಗುರ, ಪುಡಿಗೆ ತುಪ್ಪ, ಜೊತೆಗೆ ಬೇಕಾದರೆ ಚಿಕನ್. ಖಾರ ನಿಜವಾಗಿಯೂ ಖಾರ, ಮಕ್ಕಳಿಗೆ ಮೊಸರು ಮೊದಲೇ ಹೇಳಿಡಿ. ಊಟ ಆದ ಮೇಲೆ ರೆಸಿಡೆನ್ಸಿ ರಸ್ತೆಯಲ್ಲೇ ಕಾರ್ನರ್ ಹೌಸ್, 1982ರಿಂದ ಇರುವ ಐಸ್‌ಕ್ರೀಮ್ ಅಂಗಡಿ. ಡೆತ್ ಬೈ ಚಾಕೊಲೇಟ್ ಅನ್ನೋದು ಅವರ ಹೆಸರುವಾಸಿ ಐಟಂ, ಒಂದನ್ನು ಇಬ್ಬರು ತಿಂದರೂ ಮಿಗುತ್ತದೆ.

ಪಬ್ಬಿಗೆ ಹೋಗುವವರಿಗೆ. ಎಂಬತ್ತರ ದಶಕದಿಂದಲೇ ಈ ಊರಿಗೆ ಪಬ್ ಸಿಟಿ ಅನ್ನುವ ಹೆಸರು ಬಂದಿದೆ. ಹಳೇ ಥರದ್ದು ನೋಡಬೇಕು ಅಂದರೆ ಬ್ರಿಗೇಡ್ ರಸ್ತೆ ಪಕ್ಕದ ರೆಸ್ಟ್ ಹೌಸ್ ರಸ್ತೆಯಲ್ಲಿ ಪೆಕೋಸ್. ಚಿಕ್ಕ ಜಾಗ, ಮರದ ಬೆಂಚು, ಹಳೇ ರಾಕ್ ಹಾಡು, ಮಗ್ಗಿನಲ್ಲಿ ಬಿಯರು. ಹೊಸ ಥರದ್ದು ಅಂದರೆ ಅಲ್ಲೇ ಬಿಯರ್ ತಯಾರಿಸಿ ಕೊಡುವ ಮೈಕ್ರೊಬ್ರೂವರಿಗಳು. ಇಂದಿರಾನಗರದ 100 ಅಡಿ ರಸ್ತೆಯ ಟಾಯ್ಟ್, ಮ್ಯಾಗ್ರತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡ್ ಕಡೆಯವರಿಗೆ ಜಾಝ್ ಸಂಗೀತ ಕೇಳಿಸುವ ವಿಂಡ್‌ಮಿಲ್ಸ್. ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕುಗಳು ಕೂತಲ್ಲಿಂದಲೇ ಕಾಣುತ್ತವೆ. ಮೊದಲ ಸಲ ಆದರೆ ಗೋಧಿ ಬಿಯರ್‌ನಿಂದ ಶುರು ಮಾಡಿ, ಕಹಿ ಕಡಿಮೆ. ಯಾವುದು ಹೇಗಿರುತ್ತದೆ ಅಂತ ಗೊತ್ತಾಗದಿದ್ದರೆ ರುಚಿ ನೋಡಲು ಸ್ವಲ್ಪ ಕೊಡಿ ಅಂತ ಕೇಳಬಹುದು, ಅದರಲ್ಲಿ ಸಂಕೋಚ ಬೇಡ.

ಸಂಕೋಚದ ಮಾತು ಬಂತು ಅಂತ ಹೇಳುತ್ತೇನೆ. ಊರಿಂದ ಬಂದ ಎಷ್ಟೋ ಜನ ಇಂದಿರಾನಗರ, ಚರ್ಚ್ ಸ್ಟ್ರೀಟ್ ಅಂದರೆ ನಮ್ಮದಲ್ಲ ಅನ್ನುವ ಹಾಗೆ ಬಾಗಿಲಲ್ಲೇ ನಿಂತುಬಿಡುತ್ತಾರೆ. ಹಾಗೆ ಅಂದುಕೊಳ್ಳಬೇಡಿ. ಬಾಗಿಲಲ್ಲಿ ನಿಂತವರನ್ನು, ಬಡಿಸುವವರನ್ನು ಕನ್ನಡದಲ್ಲೇ ಮಾತಾಡಿಸಿ. ಗೊತ್ತಿದ್ದವರು ಖುಷಿಯಿಂದ ಮಾತಾಡುತ್ತಾರೆ. ಗೊತ್ತಿಲ್ಲದವರು ಬಹಳ ದೂರದ ಊರಿನಿಂದ ದುಡಿಯಲು ಬಂದ ಹುಡುಗರು, ಅವರಿಗೆ ಎರಡು ಪದ ಕಲಿಸಿ, ಸಿಟ್ಟಾಗಬೇಡಿ. ಇದು ನಿಮ್ಮ ರಾಜಧಾನಿ, ಇಲ್ಲಿನ ಸಂಜೆಯಲ್ಲಿ ನಿಮಗೂ ಪಾಲಿದೆ.

ಇನ್ನು ಕೆಲವು ವ್ಯವಹಾರದ ಸಂಗತಿ. ಪಬ್ಬುಗಳಲ್ಲಿ 21 ವರ್ಷ ದಾಟಿರಬೇಕು ಅನ್ನುತ್ತಾರೆ, ಆಧಾರ್ ಅಥವಾ ಡಿಎಲ್ ಜೇಬಲ್ಲಿರಲಿ. ಶುಕ್ರವಾರ-ಶನಿವಾರ ರಾತ್ರಿ ಟೇಬಲ್ ಮುಂಚೆಯೇ ಬುಕ್ ಮಾಡದಿದ್ದರೆ ಹೊರಗೆ ನಿಲ್ಲಬೇಕು. ಕೆಲವು ಕಡೆ ಬರೀ ಗಂಡಸರ ಗುಂಪನ್ನು ಬಿಡಲ್ಲ, ಅಥವಾ ಕವರ್ ಚಾರ್ಜ್ ಕೇಳುತ್ತಾರೆ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ರಾತ್ರಿ ಒಂದಕ್ಕೆ ಮುಚ್ಚಬೇಕು, ಹಾಗಾಗಿ ಕೊನೆಯ ಆರ್ಡರ್ ಅದಕ್ಕೂ ಮುಂಚೆಯೇ. ಅಕ್ಟೋಬರ್ 2, ಹಾಗೇ ಮತದಾನ ಮುಗಿಯುವವರೆಗಿನ 48 ಗಂಟೆ ಮದ್ಯ ಸಿಗಲ್ಲ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಸೇರಿಸಿದ್ದರೆ ಅದು ಕಡ್ಡಾಯ ಅಲ್ಲ, ಬೇಡ ಅಂದರೆ ತೆಗೆಯಬೇಕು. ಚೆನ್ನಾಗಿ ನೋಡಿಕೊಂಡ ಹುಡುಗನಿಗೆ ಕೈಯಾರೆ ಟಿಪ್ಸ್ ಕೊಡಿ, ಅದು ಬೇರೆ.

ಕುಡಿದ ಮೇಲೆ ಗಾಡಿ ಮುಟ್ಟಬೇಡಿ. ವಾರಾಂತ್ಯದಲ್ಲಿ ಪೊಲೀಸರು ಊದಿಸಿ ನೋಡುತ್ತಾರೆ, ಮೊದಲ ಸಲ ಸಿಕ್ಕಿಬಿದ್ದರೇ 10,000 ರೂಪಾಯಿವರೆಗೆ ದಂಡ ಇದೆ. ಅದಕ್ಕಿಂತ ಮುಖ್ಯ, ರಸ್ತೆಯಲ್ಲಿ ಆ ಹೊತ್ತಿಗೆ ಶಿಫ್ಟ್ ಮುಗಿಸಿ ಮನೆಗೆ ಹೋಗುವವರು ಇರುತ್ತಾರೆ.

ಮಾಂಸದೂಟಕ್ಕೆ

ಮಿಲಿಟರಿ ಹೋಟೆಲುಗಳ ದೊನ್ನೆ ಬಿರಿಯಾನಿ, ಮುದ್ದೆ, ನಾಟಿಕೋಳಿ ಸಾರು ತಿನ್ನಬೇಕು ಅಂದರೆ ರಾತ್ರಿಗೆ ಕಾಯಬೇಡಿ. ಒಳ್ಳೆಯವೆಲ್ಲಾ ಮಧ್ಯಾಹ್ನದ ಹೋಟೆಲುಗಳು, ಸಂಜೆ ಹೊತ್ತಿಗೆ ಹಂಡೆ ಖಾಲಿ. ರಾತ್ರಿ ಸಿಗುವ ಕಡೆಯೂ ಮಧ್ಯಾಹ್ನದ ರುಚಿ ಇರಲ್ಲ. ಸಂಜೆಗೆ ಸರಿಯಾದ್ದು ಶಿವಾಜಿನಗರ, ಫ್ರೇಜರ್ ಟೌನ್. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಸುತ್ತ ಕೆಂಡದ ಮೇಲೆ ಕಬಾಬ್ ಸುಡುವ ಅಂಗಡಿಗಳು, ಜೊತೆಗೆ ಸುಲೈಮಾನಿ ಚಹಾ. ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ 1902ರ ಆಲ್ಬರ್ಟ್ ಬೇಕರಿ ಇದೆ, ಮಧ್ಯಾಹ್ನದ ಮೇಲೆ ತೆಗೆಯುತ್ತದೆ, ಖೀಮಾ ಸಮೋಸ ಬೇಗ ಮುಗಿಯುತ್ತದೆ. ರಂಜಾನ್ ತಿಂಗಳಲ್ಲಿ ಬಂದರೆ ಇಫ್ತಾರ್ ಆದ ಮೇಲೆ ಈ ಕಡೆ ಬನ್ನಿ, ಹಲೀಮು, ಸಮೋಸ, ಫಿರ್ನಿ ಎಲ್ಲಾ ಬಿಸಿಬಿಸಿ. ಉಪವಾಸ ಬಿಡುವವರಿಗೆ ಮೊದಲು ಜಾಗ ಕೊಟ್ಟು ಸ್ವಲ್ಪ ತಡವಾಗಿ ಹೋದರೆ ಚಂದ.

ಹನ್ನೊಂದರ ಮೇಲೆ ಹಸಿವಾದರೆ ಎಂಪೈರ್ ಹೋಟೆಲಿನ ಘೀ ರೈಸ್, ಕಬಾಬ್, ಪರೋಟ. ಬೆಂಗಳೂರಿನ ರಾತ್ರಿ ಪಾಳಿಯವರ ಎಷ್ಟೋ ಊಟ ಅಲ್ಲೇ ಆಗಿರೋದು. ನಿದ್ದೆ ಬರದವರಿಗೆ ಇನ್ನೊಂದಿದೆ. ಹೊಸಕೋಟೆಯ ದಮ್ ಬಿರಿಯಾನಿ. ಭಾನುವಾರ ಬೆಳಗಿನ ಜಾವ ನಾಲ್ಕಕ್ಕೇ ಜನ ಸಾಲು ನಿಂತಿರುತ್ತಾರೆ. ಸ್ವಂತ ಗಾಡಿ, ಕುಡಿಯದ ಚಾಲಕ, ಎರಡೂ ಇದ್ದರೆ ಮಾತ್ರ ಹೊರಡಿ.

ಈ ದಿನಗಳಲ್ಲಿ ಬಂದರೆ ಉಳಿದದ್ದೆಲ್ಲ ಬಿಟ್ಟುಬಿಡಿ

ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರು ಕರಗ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ನಡುರಾತ್ರಿ ದಾಟಿದ ಮೇಲೆ ಹೂವಿನ ಕರಗ ಹೊರಡುತ್ತದೆ, ಕತ್ತಿ ಹಿಡಿದ ವೀರಕುಮಾರರು ಜೊತೆಗೆ ಓಡುತ್ತಾರೆ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಯಾವ ಪಬ್ಬೂ ಇಲ್ಲದ ಕಾಲದಿಂದ ಈ ಪೇಟೆ ರಾತ್ರಿಯೆಲ್ಲಾ ಎದ್ದು ಕೂತ ಹಬ್ಬ ಇದು. ಪುಟ್ಟ ಮಕ್ಕಳನ್ನು ನೂಕುನುಗ್ಗಲಿಗೆ ತರಬೇಡಿ, ಚಪ್ಪಲಿ ಗಟ್ಟಿಯದಿರಲಿ, ಹತ್ತರೊಳಗೆ ಜಾಗ ಹಿಡಿದಿರಿ.

ರಾಮನವಮಿ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಚಪ್ಪರ ಹಾಕಿ ಸುಮಾರು ಒಂದು ತಿಂಗಳು ಸಂಜೆ ಸಂಗೀತ ಕಛೇರಿ ನಡೆಸುತ್ತಾರೆ, 1939ರಿಂದ ಬಂದ ಪದ್ಧತಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ, ಹಿಂದೆ-ಮುಂದಿನ ದಿನಗಳಲ್ಲೂ ಅಂಗಡಿ ಇರುತ್ತವೆ. ಹುರಿದದ್ದು, ಬೇಯಿಸಿದ್ದು, ಹಸಿಯದು ಎಲ್ಲಾ ಸೇರಿನ ಲೆಕ್ಕದಲ್ಲಿ ಕೊಡುತ್ತಾರೆ. ಜನವರಿ ಸುಮಾರಿಗೆ ಅವರೆಬೇಳೆ ಮೇಳ. ಅವರೆಬೇಳೆ ದೋಸೆ, ಹಿತಕಿದ ಬೇಳೆ ಸಾರು, ಅವರೆಬೇಳೆ ಹೋಳಿಗೆ ಕೂಡ ಮಾಡುತ್ತಾರೆ.

ವಾಪಸ್ ಹೋಗೋದು

ಇದನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ಮೆಟ್ರೋದ ಕೊನೆಯ ರೈಲು ರಾತ್ರಿ ಹನ್ನೊಂದರ ಆಸುಪಾಸು, ನೀವು ಹತ್ತೂವರೆಗೇ ನಿಲ್ದಾಣದಲ್ಲಿರಿ. ಆಟೊ ದರ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. ಅಂದರೆ 6 ಕಿಲೋಮೀಟರ್ ದೂರಕ್ಕೆ ಹಗಲು 108, ರಾತ್ರಿ 162. ಈ ಲೆಕ್ಕ ತಲೆಯಲ್ಲಿದ್ದರೆ ಚೌಕಾಸಿ ಸುಲಭ. ಮೀಟರ್ ಹಾಕಲ್ಲ ಅಂದರೆ ನಮ್ಮ ಯಾತ್ರಿಯಂಥ ಆಪ್ ನೋಡಿ. ಒಬ್ಬರೇ ಇದ್ದರೆ ಗಾಡಿ ನಂಬರನ್ನು ಮನೆಯವರಿಗೆ ಕಳಿಸಿ. ಏನಾದರೂ ತೊಂದರೆ ಅನ್ನಿಸಿದರೆ 112ಕ್ಕೆ ಕರೆ ಮಾಡಿ. ಏರ್‌ಪೋರ್ಟಿಗೆ ಹೋಗುವವರಿಗೆ ವಾಯುವಜ್ರ ಬಸ್ಸು ರಾತ್ರಿಯೂ ಇದೆ, ಟ್ಯಾಕ್ಸಿಗಿಂತ ಎಷ್ಟೋ ಅಗ್ಗ.

ಅದೇ ರಾತ್ರಿ ಬಸ್ಸು ಹಿಡಿದು ಊರಿಗೆ ಹೊರಡುವವರೇ ನಮ್ಮಲ್ಲಿ ಜಾಸ್ತಿ. ಅವರು ಲಗೇಜನ್ನು ಮೆಜೆಸ್ಟಿಕ್ ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿಟ್ಟು, ಬರಿಗೈಯಲ್ಲಿ ಬಳೇಪೇಟೆಗೆ ನಡೆಯಿರಿ. ಅಲ್ಲಿ 1926ರ ಉಡುಪಿ ಶ್ರೀಕೃಷ್ಣ ಭವನ ಇದೆ, ಸಾಗು ಮಸಾಲೆ ದೋಸೆ ತಿನ್ನಿ. ಬಸ್ಸಿನ ಟಿಕೆಟ್ಟಿನಲ್ಲಿ ಹತ್ತುವ ಜಾಗ ಯಾವುದು ಅಂತ ಸಂಜೆಯೇ ಇನ್ನೊಮ್ಮೆ ನೋಡಿ. ಮೈಸೂರು, ಮಡಿಕೇರಿ ಕಡೆಯ ಬಹಳಷ್ಟು ಬಸ್ಸುಗಳು ಮೆಜೆಸ್ಟಿಕ್‌ನಿಂದ ಅಲ್ಲ, ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಹೊರಡುತ್ತವೆ, ಅಲ್ಲಿಗೆ ಹೋಗಲು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.